ಎರಡೂ 40 ಗ್ರಾಂ, ಎರಡರಲ್ಲೂ ಹಡಗು, ಆದ್ರೆ ಒಂದು ಇನ್ನೊಂದರ ಆರನೇ ಒಂದು ಭಾಗ: ಹ್ಯಾನಿಬಲ್ ಕಾಲದ ರೋಮನ್ ಕಂಚು ಕೊಳ್ಳೋದು ಹೇಗೆ?

ಪ್ರಶ್ನೆ: ಸರ್, ಉತ್ತರ ಆಫ್ರಿಕಾದ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ರೋಮ್ ಮೇಲೆ ಯುದ್ಧ ಮಾಡಿದ ಕಾಲದ ನಾಣ್ಯ ಕಲೆಕ್ಟ್ ಮಾಡೋ ಆಸೆ ನಂಗೆ. ಬೆಳ್ಳಿ ನನ್ನ ಬಜೆಟ್‌ಗೆ ಬರಲ್ಲ, ಅದಕ್ಕೆ ಕಂಚು ನೋಡ್ತಿದೀನಿ. ವಿದೇಶದ ಡೀಲರ್ ಒಬ್ಬರ ಹತ್ರ ಎರಡು ನಾಣ್ಯ ಇದಾವೆ, ಎರಡರ ಹಿಂದೇನೂ ಹಡಗಿನ ಮುಂಭಾಗ. ಒಂದರಲ್ಲಿ ರೆಕ್ಕೆ ಟೋಪಿ ಹಾಕಿದ ಮುಖ, ಎರಡು ಚುಕ್ಕೆ, ತೂಕ 43 ಗ್ರಾಂ, ಅದು ಸೆಕ್ಸ್ಟನ್ಸ್ ಅಂತೆ. ಇನ್ನೊಂದರಲ್ಲಿ ಎರಡು ಮುಖದ ತಲೆ, 40 ಗ್ರಾಂ, ಅದು ಆಸ್ ಅಂತೆ. ಸೆಕ್ಸ್ಟನ್ಸ್ ಅಂದ್ರೆ ಆಸ್‌ನ ಆರನೇ ಒಂದು ಭಾಗ ಅಂತ ಓದಿದೀನಿ, ಹಂಗಿದ್ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ತೂಕ ಇರೋದು ಹೇಗೆ? ಒಂದು ಫೇಕ್ ಇರಬಹುದಾ? ನಾನು ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ಎರಡೂ ಒರಿಜಿನಲ್ ಇರಬಹುದು. ತೂಕ ಒಂದೇ ಇದೆ ಅನ್ನೋ ಕಾರಣಕ್ಕೆ ಯಾವುದನ್ನೂ ಫೇಕ್ ಅನ್ನೋ ಹಾಗಿಲ್ಲ. ಆ 43 ಗ್ರಾಂದು ಯುದ್ಧಕ್ಕೆ ಸ್ವಲ್ಪ ಮುಂಚೆ ಅಥವಾ ಯುದ್ಧ ಶುರುವಾದ ಹೊಸದರಲ್ಲಿ ಎರಕ ಹೊಯ್ದದ್ದು, 40 ಗ್ರಾಂದು ಯುದ್ಧದ ನಡುವೆ, ಸುಮಾರು ಕ್ರಿ.ಪೂ. 211ರ ನಂತರ ಠಸ್ಸೆ ಹೊಡೆದದ್ದು. ಇವೆರಡರ ಮಧ್ಯೆ ರೋಮ್ ದಿವಾಳಿ ಅಂಚಿಗೆ ಹೋಗಿ ಬಂತು, ಆಸ್ ಅನ್ನೋ ನಾಣ್ಯದಲ್ಲಿದ್ದ ಕಂಚು ಆರರಲ್ಲಿ ಒಂದು ಪಾಲಿನಷ್ಟಕ್ಕೆ ಇಳೀತು. ಈ ಕಾಲದ ಕಂಚು ಕೂಡಿಡೋರು ಚಿತ್ರಕ್ಕಿಂತ ಮೊದಲು ತೂಕ ನೋಡೋದು ಇದಕ್ಕೇ, ಯಾಕಂದ್ರೆ ಚಿತ್ರ ಬದಲಾಗೋದೇ ಇಲ್ಲ, ಬದಲಾಗೋದು ತೂಕ ಒಂದೇ.

ಮೊದಲು ಲೆಕ್ಕ ಹೇಳ್ಬಿಡ್ತೀನಿ. ರೋಮನ್ ಪೌಂಡ್ ಅಂದ್ರೆ ಸುಮಾರು 324 ಗ್ರಾಂ, ಅದರಲ್ಲಿ 12 ಔನ್ಸ್, ಒಂದು ಔನ್ಸ್ ಸುಮಾರು 27 ಗ್ರಾಂ. ಮುಖ್ಯ ನಾಣ್ಯ ಆಸ್, ಅದರ ಮೇಲೆ ಎರಡು ಮುಖದ ಜಾನಸ್ ದೇವರು, ಗುರುತು ಒಂದು ನೆಟ್ಟಗಿನ ಗೆರೆ. ಅರ್ಧ ಆಸ್ ಅಂದ್ರೆ ಸೆಮಿಸ್, ಸ್ಯಾಟರ್ನ್ ತಲೆ, ಎಸ್ ಅಕ್ಷರ. ಅಲ್ಲಿಂದ ಕೆಳಗೆಲ್ಲ ಚುಕ್ಕೆ: ನಾಲ್ಕು ಚುಕ್ಕೆ ಮಿನರ್ವಾ ಇದ್ರೆ ಟ್ರಿಯೆನ್ಸ್, ಮೂರು ಚುಕ್ಕೆ ಹರ್ಕ್ಯುಲಿಸ್ ಇದ್ರೆ ಕ್ವಾಡ್ರನ್ಸ್, ಎರಡು ಚುಕ್ಕೆ ಮರ್ಕ್ಯುರಿ ಇದ್ರೆ ಸೆಕ್ಸ್ಟನ್ಸ್, ಒಂದು ಚುಕ್ಕೆ ಶಿರಸ್ತ್ರಾಣ ಹಾಕಿದ ರೋಮಾ ದೇವತೆ ಇದ್ರೆ ಉನ್ಸಿಯಾ. ಅದರಲ್ಲೂ ಅರ್ಧ ಸೆಮುನ್ಸಿಯಾ, ಮತ್ತೆ ಮರ್ಕ್ಯುರಿನೇ. ಹಿಂದೆ ಎಲ್ಲದರಲ್ಲೂ ಯುದ್ಧನೌಕೆಯ ಮುಂಭಾಗ. ರೋಮ್‌ನ ಹುಡುಗರು ನಾಣ್ಯ ಚಿಮ್ಮಿ "ತಲೆನಾ, ಹಡಗಾ" ಅಂತ ಆಡ್ತಿದ್ರು ಅಂತ ಮ್ಯಾಕ್ರೋಬಿಯಸ್ ಅನ್ನೋ ರೋಮನ್ ಲೇಖಕ ಎಷ್ಟೋ ಶತಮಾನ ಆದ್ಮೇಲೂ ಬರೆದಿಟ್ಟಿದಾನೆ, ಅಷ್ಟು ಗಟ್ಟಿಯಾಗಿ ಕೂತಿತ್ತು ಈ ಜೋಡಿ ಜನರ ತಲೇಲಿ.

ಈಗ ತೂಕ ಇಳಿದ ಕಥೆ. ಕ್ರಿ.ಪೂ. 225ರಿಂದ 217ರವರೆಗಿನ ಆಸ್ ಸರಾಸರಿ 265-270 ಗ್ರಾಂ, ಅಂದ್ರೆ ಕಾಲು ಕೆಜಿಗಿಂತ ಜಾಸ್ತಿ, ಅಂಗೈ ತುಂಬುತ್ತೆ. ಇಷ್ಟು ದಪ್ಪದ ಲೋಹಕ್ಕೆ ಸುತ್ತಿಗೆಯಲ್ಲಿ ಠಸ್ಸೆ ಹೊಡೆಯೋದು ಆಗದ ಮಾತು, ಅದಕ್ಕೆ ಅಚ್ಚಿಗೆ ಎರಕ ಹೊಯ್ದು ಮಾಡ್ತಿದ್ರು. ಇದರ ಆರನೇ ಒಂದು ಭಾಗ ಎಷ್ಟಾಯ್ತು? 44 ಗ್ರಾಂ ಆಸುಪಾಸು. ನೀವು ನೋಡಿದ ಎರಡು ಚುಕ್ಕೆ ನಾಣ್ಯದ ತೂಕ ಅದೇ.

ಕ್ರಿ.ಪೂ. 218ರಲ್ಲಿ ಹ್ಯಾನಿಬಲ್ ಆಲ್ಪ್ಸ್ ದಾಟಿ ಇಟಲಿಗಿಳಿದ, 217ರ ಬೇಸಿಗೆಯಲ್ಲಿ ಟ್ರಾಸಿಮೀನ್ ಸರೋವರದ ದಡದಲ್ಲಿ ಒಂದು ಇಡೀ ರೋಮನ್ ಸೈನ್ಯ ಕಾನ್ಸಲ್ (ರೋಮ್‌ನ ಅತ್ಯುನ್ನತ ಅಧಿಕಾರಿ) ಸಮೇತ ನಾಶ ಆಯ್ತು, 216ರ ಆಗಸ್ಟ್‌ನಲ್ಲಿ ಕ್ಯಾನೆ ಕದನ ಆಯ್ತು, ಅಲ್ಲಿ ಒಂದೇ ದಿನ ಸತ್ತ ರೋಮನ್ ಕಡೆಯವರು ಇತಿಹಾಸಕಾರ ಲಿವಿ ಲೆಕ್ಕದಲ್ಲಿ 48 ಸಾವಿರದ ಹತ್ರ, ಇನ್ನೊಬ್ಬ ಇತಿಹಾಸಕಾರ ಪಾಲಿಬಿಯಸ್ ಲೆಕ್ಕದಲ್ಲಿ 70 ಸಾವಿರ. ಹೊಸ ಲೀಜನ್ (ಸೇನಾ ತುಕಡಿ) ಕಟ್ಟಬೇಕು, ಸ್ಪೇನ್‌ನಲ್ಲಿರೋ ಸೈನ್ಯಕ್ಕೆ ಬಟ್ಟೆ ಧಾನ್ಯ ಕಳಿಸಬೇಕು, ಖಜಾನೆ ಬರಿದು. ಸರ್ಕಾರ 8,000 ಗುಲಾಮರನ್ನ ಒಡೆಯರಿಂದ ಕೊಂಡು ಸೈನ್ಯಕ್ಕೆ ಸೇರಿಸ್ತು. 216ರಲ್ಲಿ ಹಣದ ಅಭಾವ ನಿಭಾಯಿಸೋಕೆ ಅಂತಾನೇ ಮೂರು ಜನರ ಸಮಿತಿ ಮಾಡ್ತು, 215ರಲ್ಲಿ ಹೆಂಗಸರು ಅರ್ಧ ಔನ್ಸ್‌ಗಿಂತ ಜಾಸ್ತಿ ಚಿನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಒಪ್ಪಿಯಸ್ ಕಾನೂನು ತಂತು. ಅದೇ ವರ್ಷ ಸ್ಪೇನ್ ಸೈನ್ಯಕ್ಕೆ ಸಾಮಾನು ಕಳಿಸೋ ಕಂಟ್ರಾಕ್ಟರುಗಳು ಸಾಲದ ಮೇಲೆ ಸಪ್ಲೈ ಮಾಡಿದ್ರು, ಖಜಾನೆಯಲ್ಲಿ ದುಡ್ಡು ಬಂದಾಗ ಮೊದಲು ನಮಗೆ ಕೊಡಬೇಕು ಅನ್ನೋ ಮಾತಿನ ಮೇಲೆ.

ಇದೆಲ್ಲ ಲಿವಿಯಲ್ಲಿ ಓದಿದ್ರೆ ಇತಿಹಾಸ, ತಕ್ಕಡಿಗೆ ಹಾಕಿದ್ರೆ ಕೈಗೇ ಗೊತ್ತಾಗುತ್ತೆ. 217ರ ಸುಮಾರಿಗೆ ಆಸ್ ಸೀದಾ ಅರ್ಧಕ್ಕೆ ಇಳೀತು, 132 ಗ್ರಾಂ ಹತ್ರ. ಆಮೇಲೆ 80 ಗ್ರಾಂ ಆಸುಪಾಸು, ಅಲ್ಲಿಂದಲೂ ಕೆಳಗೆ. 211ರ ಹೊತ್ತಿಗೆ ಎರಡು ಔನ್ಸ್ ಆಸ್, ಲೆಕ್ಕದಲ್ಲಿ 54 ಗ್ರಾಂ, ಆದ್ರೆ ಕೈಗೆ ಸಿಗೋವು ಬಹಳಷ್ಟು 40 ಗ್ರಾಂ ಹತ್ರ ಅಥವಾ ಇನ್ನೂ ಕಮ್ಮಿ. ನಿಮ್ಮ ಎರಡನೇ ನಾಣ್ಯ ಇಲ್ಲಿ ಬರುತ್ತೆ. ಅದೇ ಹೊತ್ತಿಗೆ ಹೊಸ ಬೆಳ್ಳಿ ನಾಣ್ಯ ಡೆನೇರಿಯಸ್ ಬಂತು, ಹತ್ತು ಆಸ್‌ಗೆ ಒಂದು. 212ರಲ್ಲಿ ಸಿರಾಕ್ಯೂಸ್ ಲೂಟಿಯಿಂದ ಬೆಳ್ಳಿ ಬಂತು, 210ರಲ್ಲಿ ಕಾನ್ಸಲ್ ಲೇವಿನಸ್ ಮಾತಿಗೆ ಸೆನೆಟರುಗಳು ತಮ್ಮ ಮನೆ ಚಿನ್ನ ಬೆಳ್ಳಿ ಕಂಚು ತಂದು ಖಜಾನೆಗೆ ಸುರಿದ್ರು, ಅದರ ಬಲದ ಮೇಲೆ ವ್ಯವಸ್ಥೆ ಮತ್ತೆ ನಿಲ್ತು.

ಇಲ್ಲಿ ಒಂದು ಎಚ್ಚರಿಕೆ. ಹಳೇ ಕ್ಯಾಟಲಾಗ್‌ಗಳಲ್ಲಿ, ಹಳೇ ಕಲೆಕ್ಷನ್‌ನ ಚೀಟಿಗಳಲ್ಲಿ ಡೆನೇರಿಯಸ್ ಶುರುವಾದದ್ದು ಕ್ರಿ.ಪೂ. 269 ಅಂತಲೋ 187 ಅಂತಲೋ ಇರುತ್ತೆ, ಅದರ ಜೊತೆಗೆ ಕಂಚಿನ ಇಸವಿಗಳೂ ಹಿಂದೆ ಮುಂದೆ ಆಗಿರ್ತವೆ. ಸಿಸಿಲಿಯ ಮೋರ್ಗಾಂಟಿನಾ ಅನ್ನೋ ಊರನ್ನ ರೋಮನ್ನರು 211ರಲ್ಲಿ ಹಿಡಿದು ಹಾಳು ಮಾಡಿದ್ರು, ಅಲ್ಲಿ ಅಗೆದಾಗ ಆ ನಾಶದ ಪದರದಲ್ಲೇ ಹೊಸ ಪದ್ಧತಿಯ ನಾಣ್ಯ ಸಿಕ್ತು, ಆಮೇಲೆ ಈ ವಾದ ಹೆಚ್ಚುಕಮ್ಮಿ ಮುಗೀತು. ಹಾಗಾಗಿ ಚೀಟಿಯಲ್ಲಿ ಇಸವಿ ಬೇರೆ ಇದೆ ಅಂತ ಗಾಬರಿ ಆಗ್ಬೇಡಿ. ಕ್ರಾಫರ್ಡ್ ನಂಬರ್, ಅಂದ್ರೆ ಮೈಕೆಲ್ ಕ್ರಾಫರ್ಡ್ ಅನ್ನೋ ವಿದ್ವಾಂಸರ ಕ್ಯಾಟಲಾಗ್‌ನಲ್ಲಿರೋ ನಂಬರ್ ಏನು ಅಂತ ಕೇಳಿ, ಈಗ ಇಡೀ ಜಗತ್ತಲ್ಲಿ ರೋಮನ್ ರಿಪಬ್ಲಿಕ್ ನಾಣ್ಯ ಗುರುತಿಸೋದು ಆ ನಂಬರಿಂದ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ ಅದೇ ನಂಬರ್ ಪ್ರಕಾರ ಆನ್‌ಲೈನ್ ಕ್ಯಾಟಲಾಗ್ ಫ್ರೀಯಾಗಿ ಇಟ್ಟಿದಾರೆ, ನಂಬರ್ ಹಾಕಿದ್ರೆ ಮ್ಯೂಸಿಯಂ ನಾಣ್ಯಗಳ ಫೋಟೋ, ತೂಕ ಎಲ್ಲಾ ಬರುತ್ತೆ, ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಅಲ್ಲಿ ಕೂತು ನೂರಾರು ನೋಡಿ.

ಎಲ್ಲಿಂದ ಶುರು ಮಾಡೋದು ಅಂದ್ರೆ ನನ್ನ ಅಭಿಪ್ರಾಯದಲ್ಲಿ ಆಸ್‌ನಿಂದ ಬೇಡ. ಆ ದೊಡ್ಡ 265 ಗ್ರಾಂದು ಎಲ್ಲರಿಗೂ ಆಸೆ ಹುಟ್ಟಿಸುತ್ತೆ, ಅದಕ್ಕೇ ರೇಟ್ ಜಾಸ್ತಿ, ಅದಕ್ಕೇ ಫೇಕ್ ಕೂಡ ಜಾಸ್ತಿ. 217-215ರ ಅರ್ಧ ತೂಕದ ಉನ್ಸಿಯಾ ತಗೊಳ್ಳಿ, ಕ್ರಾಫರ್ಡ್ 38/6. ಎಡಕ್ಕೆ ನೋಡ್ತಿರೋ ರೋಮಾ, ತಲೆಯ ಹಿಂದೆ ಒಂದು ಚುಕ್ಕೆ, ಹಿಂದೆ ಹಡಗು, ಮೇಲೆ ರೋಮಾ ಅಂತ ಅಕ್ಷರ, ತೂಕ 12 ಗ್ರಾಂ ಆಸುಪಾಸು, ಕೈಯಲ್ಲಿ ಹಿಡಿದ್ರೆ ಗಟ್ಟಿಮುಟ್ಟಾಗಿರುತ್ತೆ. ಆ ಕಾಲದಲ್ಲಿ ತುಂಬಾ ಹೊಡೆದದ್ದರಿಂದ ಇವತ್ತಿಗೂ ಸಾಕಷ್ಟು ಸಿಗ್ತವೆ, ಬೆಳ್ಳಿಗಿಂತ ಬಹಳ ಕಮ್ಮಿ ದುಡ್ಡಿಗೆ. ಕ್ಯಾನೆ ಕದನದ ವರ್ಷ ಒಬ್ಬ ಸಾಮಾನ್ಯ ಮನುಷ್ಯನ ಕೈಯಲ್ಲಿ ಓಡಾಡಿದ ನಾಣ್ಯ ಬೇಕು ಅಂದ್ರೆ ಇದಕ್ಕಿಂತ ಒಳ್ಳೇದು ಇಲ್ಲ ಅಂತ ನಾನು ಯಾವಾಗ್ಲೂ ಹೇಳೋದು. ಅದೇ ಸರಣಿಯ ಸೆಕ್ಸ್ಟನ್ಸ್ 38/5, ಸುಮಾರು 22-25 ಗ್ರಾಂ, ಎರಡನೇದಾಗಿ ತಗೊಳ್ಳಿ. ಆಮೇಲೆ 211ರ ನಂತರದ ಒಂದು ಸೆಕ್ಸ್ಟನ್ಸ್, ಅದು ಏಳೆಂಟು ಗ್ರಾಂ ಇರುತ್ತೆ. ಇದರ ಪಕ್ಕ ನೀವು ನೋಡಿದ ಆ 43 ಗ್ರಾಂದನ್ನೂ ಇಟ್ಟುಬಿಟ್ರೆ ಒಂದೇ ಮರ್ಕ್ಯುರಿ, ಒಂದೇ ಹಡಗು, ಅದೇ ಎರಡು ಚುಕ್ಕೆ, ತೂಕ ಮಾತ್ರ 43, 23, 8. ಮೂರು ನಾಣ್ಯದಲ್ಲಿ ಇಡೀ ಯುದ್ಧದ ಖರ್ಚು ಕಾಣುತ್ತೆ.

ಅದೇ ವರ್ಷಗಳಲ್ಲಿ ಹಡಗು ಇಲ್ಲದ ಇನ್ನೊಂದು ಸರಣಿನೂ ಬಂತು, ಕ್ರಾಫರ್ಡ್ 39. ಅದರ ಸೆಕ್ಸ್ಟನ್ಸ್‌ನಲ್ಲಿ ತೋಳ ಅವಳಿ ಮಕ್ಕಳಿಗೆ ಹಾಲು ಕುಡಿಸ್ತಿದೆ, ಹಿಂದೆ ಹದ್ದು, ಉನ್ಸಿಯಾದಲ್ಲಿ ನೇರ ನಮ್ಮನ್ನೇ ನೋಡೋ ಸೂರ್ಯನ ಮುಖ, ಹಿಂದೆ ಚಂದ್ರ ಮತ್ತೆ ನಕ್ಷತ್ರ. ಬಹಳ ಚೆಂದ, ಎಲ್ಲರೂ ಅದರ ಹಿಂದೆ ಬೀಳ್ತಾರೆ, ರೇಟೂ ಹಾಗೇ ಇದೆ. ಶುರುವಲ್ಲಿ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟ ಓವರ್‌ಸ್ಟ್ರೈಕ್, ಅಂದ್ರೆ ಬೇರೆಯವರ ನಾಣ್ಯವನ್ನೇ ಬಿಲ್ಲೆ ಮಾಡ್ಕೊಂಡು ಅದರ ಮೇಲೆ ರೋಮನ್ ಠಸ್ಸೆ ಹೊಡೆದಿರೋದು. ಯುದ್ಧದಲ್ಲಿ ಲೋಹ ಕರಗಿಸಿ ಹೊಸ ಬಿಲ್ಲೆ ಮಾಡೋಕೆ ಪುರುಸೊತ್ತಿಲ್ಲ, ಸೈನಿಕರಿಗೆ ಸಂಬಳ ಕೊಡಬೇಕು, ಸಿಸಿಲಿಯಲ್ಲಿ ರಾಜ ಎರಡನೇ ಹೈರೋನ ಕಂಚಿನ ನಾಣ್ಯ ರಾಶಿ ಇದಾವೆ, ಅದನ್ನೇ ಕಾಯಿಸಿ ಮರ್ಕ್ಯುರಿ ಠಸ್ಸೆ ಕೆಳಗೆ ಇಟ್ರು. ಹೈರೋನ ಆ ನಾಣ್ಯದಲ್ಲಿ ಒಂದು ಕಡೆ ಗಡ್ಡದ ಸಮುದ್ರದೇವ ಪೊಸೈಡನ್, ಇನ್ನೊಂದು ಕಡೆ ತ್ರಿಶೂಲ, ಅದರ ಎರಡೂ ಬದಿ ಡಾಲ್ಫಿನ್. ಇಂಥ ಸೆಕ್ಸ್ಟನ್ಸ್ ಒಂದನ್ನ ಹಿಡ್ಕೊಂಡು ಲೈಟಿಗೆ ಓರೆಯಾಗಿ ತಿರುಗಿಸಿ ನೋಡಿ. ಹಡಗಿನ ಮೇಲೆ ಗೋಧಿ ತೆನೆ ಇರುತ್ತೆ, ಅದು ಸಿಸಿಲಿ ಟಂಕಸಾಲೆಯ ಗುರುತು. ಹಡಗಿನ ಒಡಲಿಗೆ ಅಡ್ಡಡ್ಡ ಯಾಕೋ ಒಂದು ನೆಟ್ಟನೆ ಗೆರೆ ಹೋಗಿರುತ್ತಲ್ಲ, ಅದು ಹಡಗಿಗೆ ಸಂಬಂಧ ಇಲ್ಲ, ತ್ರಿಶೂಲದ ಹಿಡಿ. ಅದರ ತುದಿ ಹಿಡಿದು ಹೋದ್ರೆ ಅಂಚಿನ ಹತ್ರ ಮೂರು ಮೊನೆಯಲ್ಲಿ ಒಂದೋ ಎರಡೋ, ಅದೃಷ್ಟ ಚೆನ್ನಾಗಿದ್ರೆ ಡಾಲ್ಫಿನ್‌ನ ಬಾಗಿದ ಬೆನ್ನು. ತಿರುಗಿಸಿದ್ರೆ ಮರ್ಕ್ಯುರಿಯ ಟೋಪಿ ರೆಕ್ಕೆ ಪಕ್ಕದಲ್ಲಿ ಗುಂಗುರು ಗುಂಗುರು, ಅದು ಪೊಸೈಡನ್ ಗಡ್ಡ. ಆರ್ಕಿಮಿಡೀಸ್ ಬದುಕಿದ್ದ ಸಿರಾಕ್ಯೂಸ್‌ನ ರಾಜನ ನಾಣ್ಯ, ಆ ಊರನ್ನ ಮುತ್ತಿದವರ ನಾಣ್ಯ, ಎರಡೂ ಒಂದೇ ಬಿಲ್ಲೆಯಲ್ಲಿ. ಸಾಮಾನ್ಯ ಕೊಳ್ಳೋರಿಗೆ ಇದು ಹಾಳಾದ ನಾಣ್ಯದ ಥರ ಕಾಣುತ್ತೆ, ಡೀಲರ್‌ಗಳೂ ಎಷ್ಟೋ ಸಲ "ಸರಿಯಾಗಿ ಮೂಡಿಲ್ಲ" ಅಂತ ಕಮ್ಮಿಗೆ ಹಾಕ್ತಾರೆ, ಫೋಟೋ ಝೂಮ್ ಮಾಡಿ ಗುರುತು ಹಿಡಿಯೋ ಅಭ್ಯಾಸ ಇದ್ರೆ ಇಲ್ಲಿ ನಿಮಗೇ ಲಾಭ.

ಸಾರ್ಡಿನಿಯಾ ದ್ವೀಪದಲ್ಲೂ ಇದೇ ನಡೀತು, ಅಲ್ಲಿ ಕಾರ್ತೇಜ್ ಕಡೆಯ ನಾಣ್ಯಗಳ ಮೇಲೆ ಹೊಡೆದ್ರು. ಅವುಗಳಲ್ಲಿ ಕೆಲವಕ್ಕೆ ಎ ವಿ ಆರ್ ಅನ್ನೋ ಅಕ್ಷರ ಇರುತ್ತೆ, 209ರಲ್ಲಿ ಸಾರ್ಡಿನಿಯಾದಲ್ಲಿ ಪ್ರೀಟರ್ (ಕಾನ್ಸಲ್‌ಗಿಂತ ಕೆಳಗಿನ ಅಧಿಕಾರಿ) ಆಗಿದ್ದ ಔರುನ್ಕುಲಿಯಸ್‌ಗೆ ಅದನ್ನ ಜೋಡಿಸ್ತಾರೆ.

ಇನ್ನೊಂದು ಮಾತು, ರೋಮ್‌ದು ಮಾತ್ರ ಇಟ್ರೆ ಯುದ್ಧದ ಅರ್ಧ ಕಥೆ ಅಷ್ಟೇ. ಬೂಟಿನ ಆಕಾರದ ಇಟಲಿಯ ಕಾಲ್ಬೆರಳ ಭಾಗದಲ್ಲಿದ್ದ ಬ್ರೆಟ್ಟಿ ಜನ ಹ್ಯಾನಿಬಲ್ ಪಕ್ಷ ಸೇರಿದ್ರು, ಆ ವರ್ಷಗಳಲ್ಲಿ ಅವರು ಹೊಡೆದ ಕಂಚು ನೋಡೋಕೆ ರೋಮನ್‌ಗಿಂತ ನಾಜೂಕು. ಒಂದು ಕಡೆ ಶಿರಸ್ತ್ರಾಣದ ಯುದ್ಧದೇವ ಏರಿಸ್ ತಲೆ, ಇನ್ನೊಂದು ಕಡೆ ಗುರಾಣಿ ಹಿಡ್ಕೊಂಡು ಮುನ್ನುಗ್ತಿರೋ ದೇವತೆ. ಇವೂ ಸಾಕಷ್ಟು ಸಿಗ್ತವೆ, ರೇಟ್ ಕೂಡ ಪರವಾಗಿಲ್ಲ. ಕಾರ್ತೇಜ್‌ನ ತಾನಿತ್ ದೇವಿ ಮತ್ತು ಕುದುರೆ ಇರೋ ಕಂಚು ಇನ್ನೂ ಸುಲಭ, ಆದ್ರೆ ಅದನ್ನ ಬಹಳ ಕಾಲ ಹೊಡೆದಿದಾರೆ, ಯುದ್ಧದ ಕಾಲದ್ದೇ ಅಂತ ಡೀಲರ್ ಹೇಳಿದ್ರೆ ಯಾವ ಆಧಾರದ ಮೇಲೆ ಅಂತ ಕೇಳಿ. ದಕ್ಷಿಣ ಇಟಲಿಯ ಕಾಪುವಾ ಊರು 216ರಲ್ಲಿ ಹ್ಯಾನಿಬಲ್‌ಗೆ ಬಾಗಿಲು ತೆರೀತು, ಅಲ್ಲಿನ ಆಸ್ಕನ್ ಲಿಪಿಯಲ್ಲಿ ತನ್ನದೇ ನಾಣ್ಯ ಹೊಡೀತು, 211ರಲ್ಲಿ ರೋಮನ್ನರು ಊರು ವಾಪಸ್ ತಗೊಂಡ್ಮೇಲೆ ಅದು ನಿಂತೇ ಹೋಯ್ತು. ಅವು ಅಪರೂಪ, ದುಬಾರಿ, ಮುಂದೆ ಯಾವಾಗಲಾದ್ರೂ ನೋಡಿ.

ಈಗ ಫೇಕ್ ವಿಷಯ. ಹಳೇ ನಾಣ್ಯದವರು ಹೊಸಬರಿಗೆ ಮೊದಲು ಹೇಳಿಕೊಡೋದೇ "ಎರಕ ಹೊಯ್ದಿದ್ರೆ ಫೇಕ್" ಅಂತ. ಬೇರೆ ಕಡೆ ಸರಿ, ಇಲ್ಲಿ ಆ ಸೂತ್ರ ಅರ್ಧ ಮಾತ್ರ ನಡಿಯುತ್ತೆ. ಭಾರೀ ತೂಕದ ಹಳೇ ನಾಣ್ಯಗಳು ಒರಿಜಿನಲ್ಲೇ ಎರಕದವು, ಅಂಚಲ್ಲಿ ಲೋಹ ಹೊಯ್ದ ಬಾಯಿ ಮುರಿದ ಗುರುತು ಇರೋದು ಸಹಜ, ಅಲ್ಲಲ್ಲಿ ಸಣ್ಣ ಗುಳ್ಳೆ ಗುಂಡಿನೂ ಇರಬಹುದು, ತೂಕದಲ್ಲಿ ಒಂದಕ್ಕೊಂದು ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸನೂ ಸಹಜ, ಯಾಕಂದ್ರೆ ಅವರು ಒಂದೊಂದನ್ನೂ ತೂಗಿ ಮಾಡ್ತಿರಲಿಲ್ಲ, ಇಷ್ಟು ಲೋಹಕ್ಕೆ ಇಷ್ಟು ನಾಣ್ಯ ಅಂತ ಹೊಯ್ತಿದ್ರು. ಆದ್ರೆ 12 ಗ್ರಾಂ ಉನ್ಸಿಯಾ, ಎರಡು ಔನ್ಸ್ ಆಸ್, ಇವು ಠಸ್ಸೆ ಹೊಡೆದವು, ಇವುಗಳ ಅಂಚಿನ ಸುತ್ತ ಎರಕದ ಕೂಡುಗೆರೆ ಅಥವಾ ಅರದಲ್ಲಿ ಉಜ್ಜಿದ ಗುರುತು ಕಂಡ್ರೆ ದೂರ ಇರಿ. ಹಾಗಾಗಿ ನಿಮ್ಮ ಡೀಲರ್‌ಗೆ ಮೊದಲು ಕೇಳಬೇಕಾದದ್ದು ಅಂಚಿನ ಫೋಟೋ, ಎರಡು ನಾಣ್ಯದ್ದೂ. ಒಂದೇ ಜಾಗದಲ್ಲಿ ಒಂದೇ ಥರದ ಗುಂಡಿ, ಒಂದೇ ಥರದ ಬಿರುಕು ಇರೋ ಎರಡು ಠಸ್ಸೆ ನಾಣ್ಯ ಬೇರೆ ಬೇರೆ ಹರಾಜಲ್ಲಿ ಕಂಡ್ರೆ ಕನಿಷ್ಠ ಒಂದಂತೂ ಅಚ್ಚು ತೆಗೆದು ಎರಕ ಹೊಯ್ದ ನಕಲೇ. ಹಸಿರು ಬಣ್ಣ ಹಚ್ಚಿ ಹಳೇದು ಮಾಡಿರೋದೂ ಇರುತ್ತೆ, ಹತ್ತಿಗೆ ಸ್ವಲ್ಪ ಅಸಿಟೋನ್ ಹಾಕಿ ಒರೆಸಿದ್ರೆ ಬಣ್ಣ ಕರಗಿ ಬರುತ್ತೆ, ನಿಜವಾದ ಪ್ಯಾಟಿನಾ, ಅಂದ್ರೆ ಕಾಲ ಕಳೆದ ಹಾಗೆ ಲೋಹದ ಮೇಲೆ ತಾನಾಗೇ ಕೂತ ಪದರ, ಅಲ್ಲಾಡಲ್ಲ.

ಫೇಕ್‌ಗಿಂತ ಜಾಸ್ತಿ ಜನ ಮೋಸ ಹೋಗೋದು ಟೂಲಿಂಗ್‌ನಲ್ಲಿ. ನಾಣ್ಯ ಒರಿಜಿನಲ್ಲೇ, ಆದ್ರೆ ಸವೆದು ಹೋದ ಕೂದಲು, ಟೋಪಿ, ಹಡಗಿನ ಹಲಗೆ ಎಲ್ಲಾ ಈಗಿನ ಕಾಲದಲ್ಲಿ ಸೂಜಿಯಲ್ಲಿ ಕೆತ್ತಿ ಚೂಪು ಮಾಡಿರ್ತಾರೆ. ಮೂಗು ಕೆನ್ನೆ ಸವೆದು ನುಣ್ಣಗಾಗಿದೆ, ಕೂದಲು ಮಾತ್ರ ನಿನ್ನೆ ಕೆತ್ತಿದ ಹಾಗಿದೆ ಅಂದ್ರೆ ಅನುಮಾನ ಪಡಿ. ನಾನಂತೂ ಸವೆದ ನಾಣ್ಯವನ್ನೇ ಇಷ್ಟಪಡೋನು. ಕ್ರಿ.ಪೂ. 2ನೇ ಶತಮಾನದ ಮಧ್ಯದ ನಂತರ ಬಹಳ ಕಾಲ ರೋಮ್ ಆಸ್ ಹೊಡೆಯೋದನ್ನೇ ನಿಲ್ಲಿಸ್ತು, ಹಳೇವೇ ತಲೆಮಾರುಗಟ್ಟಲೆ ಓಡಿದ್ವು, ಅಗಸ್ಟಸ್ ಕಾಲದ ಸೈನ್ಯದ ಕ್ಯಾಂಪುಗಳಲ್ಲಿ ಹಳೇ ಆಸ್ ಅರ್ಧಕ್ಕೆ ಕತ್ತರಿಸಿದ್ದು ಸಿಗುತ್ತೆ, ಚಿಲ್ಲರೆ ಸಾಲದೆ ಹಾಗೆ ಮಾಡಿದ್ದು. ಅಂಥ ಅರ್ಧ ತುಂಡು ಕಮ್ಮಿಗೆ ಸಿಕ್ರೆ ಬಿಡಬೇಡಿ. "ಮಣ್ಣು ತೆಗೆಯದ ರೋಮನ್ ನಾಣ್ಯ ನೂರು" ಅಂತ ಮಾರೋ ಗುಡ್ಡೆ ಮಾತ್ರ ಬೇಡ, ಅವು ಬಹುಪಾಲು 4ನೇ ಶತಮಾನದ ಪುಟ್ಟ ಕಂಚು, ಹ್ಯಾನಿಬಲ್‌ಗಿಂತ 500 ವರ್ಷ ಈಚಿನವು.

ಮನೆಗೆ ಬಂದ್ಮೇಲೆ ದಯವಿಟ್ಟು ತೊಳೀಬೇಡಿ. ಹುಣಸೆಹಣ್ಣು, ಲಿಂಬೆ, ಪೀತಾಂಬರಿ, ಬ್ರಾಸೋ ಯಾವುದೂ ಹತ್ರ ತರಬೇಡಿ, ಪೂಜೆ ಸಾಮಾನು ಹೊಳೆಯೋ ಹಾಗೆ ಇದೂ ಹೊಳೆಯುತ್ತೆ, 2,200 ವರ್ಷ ಕೂತ ಪ್ಯಾಟಿನಾ ಹತ್ತು ನಿಮಿಷದಲ್ಲಿ ಹೋಗುತ್ತೆ, ಅದರ ಜೊತೆ ಬೆಲೆನೂ. ಗಟ್ಟಿಯಾಗಿ ನುಣ್ಣಗೆ ಕೂತ ಹಸಿರು, ಕಂದು, ಕಪ್ಪು, ಎಲ್ಲಾ ಒಳ್ಳೇದು. ಹೆದರಬೇಕಾದದ್ದು ತಿಳಿ ಹಸಿರು ಪುಡಿ ಪುಡಿ ಕಿಲುಬಿಗೆ, ಹಲ್ಲುಕಡ್ಡಿಯಿಂದ ಮುಟ್ಟಿದ್ರೆ ಉದುರುತ್ತೆ, ಅದನ್ನ ಬ್ರಾಂಝ್ ಡಿಸೀಸ್ ಅಂತಾರೆ. ಲೋಹದೊಳಗೆ ಸೇರಿದ ಕ್ಲೋರೈಡ್ ಗಾಳಿಯ ತೇವಕ್ಕೆ ಎದ್ದು ನಾಣ್ಯವನ್ನ ಒಳಗಿಂದ ತಿನ್ನುತ್ತೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಏಳುತ್ತೆ, ಹಾಗಾಗಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದನ್ನ ಆಗಾಗ ಒಣಗಿಸಿ ಹಾಕೋದು, ಇಷ್ಟು ಕಡ್ಡಾಯ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ಕಿಲುಬು ಎದ್ದೇಬಿಟ್ರೆ ಆ ನಾಣ್ಯವನ್ನ ಬೇರೆ ಇಡಿ, ಪುಡಿಯನ್ನ ಕಡ್ಡಿಯಿಂದ ತೆಗೆದು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಾಯಿಸ್ತಾ ಇರಿ, ಪೂರ್ತಿ ಒಣಗಿಸಿ, ಕೆಲವು ವಾರ ಕಣ್ಣಿಟ್ಟಿರಿ. ಕೊಳ್ಳೋ ಮುಂಚೆನೇ ಫೋಟೋದಲ್ಲಿ ಇಂಥ ಕಲೆ ಕಂಡ್ರೆ ಎಷ್ಟು ಸೋವಿ ಇದ್ರೂ ಬಿಡಿ.

ನಮ್ಮಲ್ಲೇ ಮಾರೋ ಕೆಲವರು "ಇದು ಕರ್ನಾಟಕದ ಹೊಲದಲ್ಲಿ ಸಿಕ್ಕ ರೋಮನ್ ನಾಣ್ಯ" ಅಂತ ಹಡಗಿನ ಕಂಚು ತೋರಿಸಬಹುದು, ನಂಬಬೇಡಿ. ಬೆಂಗಳೂರಿನ ಯಶವಂತಪುರ, ಎಚ್‌ಎಎಲ್, ಚಿತ್ರದುರ್ಗದ ಚಂದ್ರವಳ್ಳಿ, ಇಲ್ಲೆಲ್ಲ ರೋಮನ್ ನಾಣ್ಯ ಸಿಕ್ಕಿದ್ದು ನಿಜ, ಆದ್ರೆ ಅವು ಬೆಳ್ಳಿ, ಅಗಸ್ಟಸ್ ಟೈಬೀರಿಯಸ್ ಥರದ ಚಕ್ರವರ್ತಿಗಳ ಕಾಲದವು, ಈ ಯುದ್ಧ ಮುಗಿದು ಎರಡು ಶತಮಾನದ ಮೇಲಿನವು. ವ್ಯಾಪಾರಕ್ಕೆ ಬಂದದ್ದು ಬೆಳ್ಳಿ ಬಂಗಾರ, ಕ್ಯಾನೆ ಕಾಲದ ಚಿಲ್ಲರೆ ಕಂಚು ಇಲ್ಲಿಗೆ ಬರೋಕೆ ಕಾರಣನೇ ಇರಲಿಲ್ಲ. ನಿಜವಾಗ್ಲೂ ನೆಲದಲ್ಲಿ ಸಿಕ್ಕಿದ್ರೆ ಅದು ನಿಧಿ ಕಾನೂನಿನ ಕೆಳಗೆ ಬರುತ್ತೆ, ಸರ್ಕಾರಕ್ಕೆ ತಿಳಿಸಬೇಕು, ಕೊಳ್ಳೋ ಮಾರೋ ವಸ್ತು ಅಲ್ಲ.

ಇಟಲಿಯಲ್ಲೂ ನೆಲದಿಂದ ಬಂದದ್ದು ಅಲ್ಲಿನ ಸರ್ಕಾರದ್ದು. ಕಳ್ಳತನದಲ್ಲಿ ಅಗೆದು ತೆಗೆದ ನಾಣ್ಯದಿಂದ ಮೋರ್ಗಾಂಟಿನಾದಲ್ಲಿ ಸಿಕ್ಕಂಥ ಮಾಹಿತಿ ಶಾಶ್ವತವಾಗಿ ಹೋಗುತ್ತೆ, ಅದಕ್ಕೇ ಹಳೇ ಹರಾಜಿನ ದಾಖಲೆ, ಹಳೇ ಕಲೆಕ್ಷನ್ ಚೀಟಿ ಇರೋದನ್ನೇ ಕೊಳ್ಳಿ, ನಾಲ್ಕು ಕಾಸು ಜಾಸ್ತಿ ಆದ್ರೂ ಪರವಾಗಿಲ್ಲ. ನಮ್ಮ 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನ ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಅಂದ್ರೆ "ಇಷ್ಟ ಆಗದಿದ್ರೆ ರಿಟರ್ನ್ ಮಾಡಿ" ಅನ್ನೋ ವಿದೇಶಿ ಡೀಲರ್‌ನ ಗ್ಯಾರಂಟಿ ನಮಗೆ ಅಷ್ಟಾಗಿ ಉಪಯೋಗಕ್ಕೆ ಬರಲ್ಲ, ಪಾರ್ಸೆಲ್ ಒಂದ್ಸಲ ಇಲ್ಲಿ ಇಳೀತು ಅಂದ್ರೆ ವಾಪಸ್ ಕಳಿಸೋದು ದೊಡ್ಡ ತಲೆನೋವು. ಕಸ್ಟಮ್ಸ್ ಪೇಪರ್, ಇನ್ವಾಯ್ಸ್, ಡೀಲರ್ ಕಳಿಸಿದ ಮೇಲ್ ಎಲ್ಲಾ ಒಂದು ಫೈಲ್‌ನಲ್ಲಿ ಇಟ್ಕೊಳ್ಳಿ. ಅನುಮಾನ ಏನಿದ್ರೂ ಪೇಮೆಂಟ್ ಮುಂಚೆನೇ ತೀರಿಸ್ಕೊಳ್ಳಿ: ಅಂಚಿನ ಫೋಟೋ, 0.1 ಗ್ರಾಂವರೆಗೆ ಸರಿಯಾದ ತೂಕ, ಕ್ರಾಫರ್ಡ್ ನಂಬರ್, ಮುಂಚೆ ಯಾರ ಹತ್ರ ಇತ್ತು ಅನ್ನೋದು. ಆ 43 ಗ್ರಾಂ ಸೆಕ್ಸ್ಟನ್ಸ್‌ದು ಈ ನಾಲ್ಕೂ ಬಂದ್ರೆ ನಂಗೆ ಕಳಿಸಿ, ನೋಡಿ ಹೇಳ್ತೀನಿ.